ಕಾಟಾ ಮೇಲಿಂದ ಇಳಿದ ಅವ್ವ

ಓಡೆನ್ಸ, ಡೆನ್ಮಾರ್ಕ್
೧೨ ನವೆಂಬರ್ ೧೯೯೮

ದಾಂಡೇಲಿ ಕಾಗದದ ಮಿಲ್ಲಿನಲ್ಲಿ ಲಾರಿ ತೂಗುವ ನನ್ನ ಅಪ್ಪನಿಗೆ, ಪ್ರೋಟೀನು ತೂಗುವ ಮಗಳ ನಮಸ್ಕಾರ.

ಇಲ್ಲಿಯ ಯಂತ್ರವೂ ನಿಮ್ಮ ಕಾಟಾದಂಥದೇ, ತೂಗುವ ಸರಕು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಹೋದ ವಾರ ಒಂದು ಪ್ರೋಟೀನಿನ ತೂಕ ಲೆಕ್ಕಕ್ಕಿಂತ ಎಂಬತ್ತು ಡಾಲ್ಟನ್ ಹೆಚ್ಚು ಬಂತು. ಡಾಲ್ಟನ್ ಅಂದರೆ ನಮ್ಮ ಕಿಲೋ ಅಂತ ತಿಳಿಯಿರಿ. ಯಂತ್ರ ಕೆಟ್ಟಿದೆಯೆಂದು ಎಲ್ಲರೂ ಅದನ್ನು ಬಿಚ್ಚಲು ಹೊರಟರು. ನಾನು ಬಿಡಲಿಲ್ಲ. ಅವ್ವ ಅಣಶಿಯಿಂದ ಬಿದಿರಿನ ಲಾರಿ ಹತ್ತಿ ಬಂದ ದಿನ, ಲಾರಿಯ ತೂಕ ಲೆಕ್ಕಕ್ಕಿಂತ ಹೆಚ್ಚು ಬಂದಾಗ, ನೀವು ಹತ್ತು ಜನರೆದುರು ಕೂಗಿದ್ದು ನೆನಪಾಯಿತು: “ಕಾಟಾ ಸುಳ್ಳ ಹೇಳಂಗಿಲ್ಲ, ಮ್ಯಾಲ ಯಾರರ ಕುಂತಿರಬೇಕ ನೋಡ್ರಿ. ಏ ಮಾಲವ್ವಾ, ಇಳಿ ಕೆಳಗ!”

ಪ್ರೋಟೀನನ್ನು ತುಂಡು ಮಾಡಿ ಒಂದೊಂದನ್ನೇ ತೂಗಿದೆ. ಒಂದು ತುಂಡಿನ ಮೇಲೆ ಸರಿಯಾಗಿ ಎಂಬತ್ತು ಡಾಲ್ಟನ್ ತೂಗುವ ಫಾಸ್ಫೇಟು ಎಂಬ ಕಣ ಆರಾಮಾಗಿ ಕುಳಿತಿತ್ತು! ಅದು ಹತ್ತಿ ಕುಳಿತರೇ ಈ ಪ್ರೋಟೀನು ಕೆಲಸಕ್ಕೆ ಏಳುವುದಂತೆ. ಪ್ರೊಫೆಸರು ನನ್ನ ಆರು ತಿಂಗಳ ನೌಕರಿಯನ್ನು ಮೂರು ವರ್ಷಕ್ಕೆ ಏರಿಸಿದರು. ಈಗ ಇಲ್ಲಿಯವರೂ ಯಂತ್ರಕ್ಕೆ ‘ಕಾಟಾ’ ಎನ್ನುತ್ತಾರೆ, ‘ಟ’ಕ್ಕೆ ಮಾತ್ರ ನಾಲಿಗೆ ಹೊರಳುವುದಿಲ್ಲ.

ಆರೋಗ್ಯ ಚೆನ್ನಾಗಿದೆ. ಕರಿ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತೇನೆ. ಚಟ್ನಿ ಮುಗಿಯುತ್ತ ಬಂತು, ಈ ಕಾರ್ಡಿನ ಜಾಗವೂ.

ನೀವು ಹಾಗೆ ಕೂಗಿ ಇಳಿಸಿದ ದಿನದಿಂದ ಅವ್ವ ಮಿಲ್ಲಿನ ಗೇಟಿನ ಕಡೆ ಮುಖ ಹಾಕಿಲ್ಲವಲ್ಲ, ಇನ್ನಾದರೂ ಸಿಟ್ಟು ಬಿಡಲಿ. ಅವಳನ್ನು ನೀವು ಅಲ್ಲಿ ಇಳಿಸಿದ್ದಕ್ಕೇ ನಾನು ಇಲ್ಲಿ ಉಳಿದೆ.

ಅನ್ನಪೂರ್ಣಾ