ಗಂಜಿ ಹಚ್ಚಿದ ಲಕೋಟೆ

ಕೆಲಗೇರಿ, ಜೂನ್ 1997

ಅಪ್ಪಾಜಿ,

ನೀವು ತೀರಿಕೊಂಡು ಆರು ವರ್ಷವಾಯಿತು. ಆದರೂ ಇವತ್ತು ನಡೆದದ್ದನ್ನು ನಿಮಗೇ ಹೇಳಬೇಕು.

ಬೆಳಿಗ್ಗೆ ನಮ್ಮ ಹಾಸ್ಟೆಲಿನ ಕಾರ್ಯದರ್ಶಿ ಹುಡುಗಿಯರ ಟಪಾಲಿನ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ವಾರ್ಡನ್ ಬಾಯಾರ, ಇನ್ ಮ್ಯಾಲೆ ಎಲ್ಲಾ ಪತ್ರ ಒಡದು, ಓದಿ ಕೊಡ್ರಿ. ಅವರ ಒಳ್ಳೇದಕ್ಕ ಹೇಳಾಕತ್ತೇನಿ," ಎಂದರು.

ಆ ಮಾತು ನನಗೆ ಹೊಸದಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಂಚೆ ಕಚೇರಿಯಲ್ಲಿದ್ದ ನೀವು ಊರವರ ಪತ್ರಗಳನ್ನು ಮನೆಗೆ ತಂದು ಚಹಾದ ಕಿಟ್ಲಿಯ ಹಬೆಗೆ ಹಿಡಿದು ಬಿಡಿಸುತ್ತಿದ್ದಿರಿ. "ದೇಶದ ಒಳ್ಳೇದಕ್ಕವ್ವಾ," ಎನ್ನುತ್ತಿದ್ದಿರಿ. ನೀವು ಓದಿ, ಪೊಲೀಸರಿಗಾಗಿ ಬರೆದುಕೊಂಡ ಮೇಲೆ ಗಂಜಿ ಹಚ್ಚಿ ಮತ್ತೆ ಅಂಟಿಸುವ ಕೆಲಸ ನನ್ನದು. ನನ್ನ ಬೆರಳು ಸಣ್ಣವು, ಗುರುತು ಉಳಿಯುವುದಿಲ್ಲ ಎಂದು ಹೊಗಳುತ್ತಿದ್ದಿರಿ. ಒಂದು ಲಕೋಟೆಯ ಮೇಲೆ, ನನಗೆ ಅಕ್ಷರ ತಿದ್ದಿಸಿದ ಹನುಮೇಶ ಮಾಸ್ತರರ ಕೈಬರಹವಿತ್ತು. ಅದನ್ನು ಬಹಳ ಚೆಂದ ಅಂಟಿಸಿದೆ. ಮರುವಾರ ಅವರನ್ನು ಪೊಲೀಸರು ಜೀಪಿನಲ್ಲಿ ಒಯ್ದರು.

"ನಾ ಒಡಿಯೂದಿಲ್ಲರಿ," ಎಂದೆ ಕಾರ್ಯದರ್ಶಿಗೆ.

"ನೌಕರಿ ಬ್ಯಾಡೇನ್ರಿ?"

ಕಟ್ಟನ್ನು ಎತ್ತಿಕೊಂಡು ಊಟದ ಹಾಲಿಗೆ ಹೋಗಿ, ಒಬ್ಬೊಬ್ಬಳ ಹೆಸರು ಕೂಗಿ, ಅವರವರ ಪತ್ರ ಅವರವರ ಕೈಗೇ ಕೊಟ್ಟೆ. ಕಾರ್ಯದರ್ಶಿ ಎದುರಿಗೇ ನಿಂತಿದ್ದರು. ನನ್ನನ್ನು ಕೆಲಸದಿಂದ ತೆಗೆಯುವ ತನಕ ದಿನಾ ಹೀಗೇ ಕೊಡುತ್ತೇನೆ.

ಮಾಸ್ತರರು ಏನು ಬರೆದಿದ್ದರೆಂದು ನಾನು ನಿಮ್ಮನ್ನು ಒಮ್ಮೆಯೂ ಕೇಳಲಿಲ್ಲ.

ಈ ಪತ್ರದ ಲಕೋಟೆಗೂ ಗಂಜಿ ಹಚ್ಚಿ ಅಂಟಿಸುತ್ತೇನೆ. ಇದನ್ನು ಯಾರೂ ಒಡೆಯುವುದಿಲ್ಲ, ಅಪ್ಪಾಜಿ. ನೀವು ಕೂಡ.