ಲಾಕ್ ಇಲ್ಲದ ಪಿಸ್ಟನ್

ಇಳಕಲ್
೯ ಜುಲೈ ೨೦೦೨

ಪ್ರೀತಿಯ ಸುನಿತಾ,

ಗುಳೇದಗುಡ್ಡದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಈ ಪೊಟ್ಟಣ ಕಳಿಸುತ್ತಿದ್ದೇನೆ. ಮೊದಲು ಪತ್ರ ಓದು, ಕರದಂಟು ಆಮೇಲೆ ತಿನ್ನು.

ನಿಮ್ಮ ಟೆಂಪೊದ ಎಂಜಿನ್ ಅಬ್ಬಾನ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿದೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್‌ಗಳಲ್ಲಿ ಎರಡು ಜಾತಿ. ಒಂದನ್ನು ರಾಡಿನಲ್ಲೇ ಬಿಗಿಯಾಗಿ ಒತ್ತಿ ಕೂರಿಸುತ್ತಾರೆ. ಇನ್ನೊಂದು ರಾಡಿನ ತೂತಿನಲ್ಲಿ ಕೂರಿಸಿದ ಬುಷ್ ಎಂಬ ಬಳೆಯೊಳಗೆ ತಿರುಗುತ್ತಿರುತ್ತದೆ. ಅದು ಪಕ್ಕಕ್ಕೆ ಸರಿಯದಂತೆ ಪಿಸ್ಟನ್ನಿನ ಎರಡೂ ಬದಿಗೆ ಲಾಕ್, ಅಂದರೆ ತಂತಿಯ ರಿಂಗು, ಬೇಕು. ನಿಮ್ಮದು ಬುಷ್ ಇರುವ ರಾಡು. ನಿನ್ನ ಗಂಡ ರಾಜಕುಮಾರ ತಂದ ಪಿಸ್ಟನ್ನುಗಳಲ್ಲಿ ಲಾಕ್ ಕೂರುವ ಕಚ್ಚೇ ಇಲ್ಲ. ಅವು ಬಿಗಿ ಪಿನ್ನಿನವು.

ಹುಬ್ಬಳ್ಳಿಯಿಂದ ಸರಿಯಾದ ಪಿಸ್ಟನ್ ಸೆಟ್ ಬರಲಿ ಎಂದೆ. “ಶುಕ್ರವಾರ ಬನಶಂಕರಿಗೆ ಬಾಡಿಗಿ ಹಿಡದೇನ್ರಿ ಚಾಚಾ, ಕಾಯಾಕ ಆಗೂದಿಲ್ಲ” ಎಂದರು ರಾಜಕುಮಾರ. “ಪಿನ್ನಿನ ಬಾಯಿಗೆ ಪಂಚ್ ಹೊಡದು ಬಿಗಿ ಮಾಡ್ತೇನಿ, ಚಿಂತಿ ಬಿಡ್ರಿ” ಎಂದ ಅಬ್ಬಾ.

ಬಿಗಿ ಪಿನ್ನಿಗೆ ಮಾತ್ರ ಎಂದು ಪಿಸ್ಟನ್ನಿನ ಡಬ್ಬಿಯೊಳಗಿನ ಚೀಟಿಯಲ್ಲೇ ಬರೆದಿದೆ. ಓದಿ ತೋರಿಸಿದೆ. “ಕಾರ್ಮಿಕರ ಸಂಘದ ಕರಪತ್ರ ಮುಗದ್ವು, ಈಗ ಡಬ್ಬಿ ಚೀಟಿ ಹಿಡದಿ? ನಾಳೆ ಸಾಬೂನಿನ ಕಾಗದಾನೂ ಓದವಾ” ಎಂದು ಅಬ್ಬಾ ನಕ್ಕ. ಇಬ್ಬರೂ ನಕ್ಕರು. ನಗಲಿ. ದುಡಿಯುವವರು ದುಡಿಯುವವರ ಕೈ ಬಿಡಬಾರದು ಎಂದು ಅದೇ ಕರಪತ್ರದಲ್ಲಿ ಓದಿದ್ದೇನೆ. ಸಭೆಯಲ್ಲಿ ಖರೆಯಾದ ಮಾತು ನಮ್ಮ ಗ್ಯಾರೇಜಿನಲ್ಲಿ ಸುಳ್ಳಾಗುತ್ತದೆಯೇ?

ಅಬ್ಬಾ ಮೋಸಗಾರನಲ್ಲ, ಸುನಿತಾ. ಗಿರಾಕಿಗೆ ಇಲ್ಲ ಎನ್ನಲು ಬಾರದವನು. ನನಗೆ ಭಯ ಅದಕ್ಕೇ. ಎಂಜಿನ್ ಮೊದಮೊದಲು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಪಿನ್ ಮೆಲ್ಲಗೆ ಸರಿದು ಸಿಲಿಂಡರಿನ ಗೋಡೆಯನ್ನು ಕೆರೆಯುತ್ತದೆ, ಎಲ್ಲಿಯೋ ರಸ್ತೆಯಲ್ಲಿ ಎಂಜಿನ್ ಹಿಡಿದುಕೊಂಡು ನಿಲ್ಲುತ್ತದೆ. ನಿಮ್ಮತ್ತೆಯ ಎರಡು ಮಗ್ಗ ಮಾರಿ ತಂದ ಟೆಂಪೊ ಅದು. ಅದೂ ಹೋದರೆ ಖಣ ನೇಯಲು ಮಗ್ಗವಿಲ್ಲ, ಓಡಿಸಲು ಗಾಡಿಯಿಲ್ಲ.

ನನ್ನ ಮಾತು ನಡೆಯಲಿಲ್ಲ. ಅವರಿಗೆ ನೀನು ಹೇಳು. ಶುಕ್ರವಾರದ ಬಾಡಿಗೆ ಬೇರೆಯವರಿಗೆ ಬಿಟ್ಟುಕೊಡಲಿ. ಸಿಟ್ಟಾಗುತ್ತಾರೆ, ಗೊತ್ತು. ಆದರೂ ಹೇಳು. ಅಬ್ಬಾನ ಮಗಳಾಗಿ ಇದನ್ನು ಬರೆಯುವುದು ನನಗೂ ಸುಲಭವಿಲ್ಲ.

ನಿನ್ನ
ಮಲಿಕಾ

ತಾ.ಕ.: ಕರದಂಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿರುವುದು ನಿನ್ನ ಗಂಡ ತಂದ ಸೆಟ್ಟಿನ ಒಂದು ಪಿನ್. ಇದಿಲ್ಲದೆ ಎಂಜಿನ್ ಕೂಡಿಸಲಾಗದು. ಹುಬ್ಬಳ್ಳಿಯ ಸೆಟ್ ಬರುವವರೆಗೆ ಜೋಳದ ಡಬ್ಬಿಯಲ್ಲಿ ಹುಗಿದಿಡು. ಅಬ್ಬಾ ಬೆಳಿಗ್ಗೆಯಿಂದ ಬೆಂಚಿನ ಕೆಳಗೆ ಬಗ್ಗಿ ಹುಡುಕುತ್ತಿದ್ದಾನೆ. ಬ್ಯಾಟರಿ ಹಿಡಿದು ಅವನಿಗೆ ಬೆಳಕು ತೋರಿಸುತ್ತಿರುವವಳು ನಾನೇ.