ನೀಲಿ ಕೋಟಿನವಳ ಮೇಲೊಂದು ಅನುಮಾನ

ಮಂಗಳವಾರ, ಮಧ್ಯಾಹ್ನ
ತೀವ್ರ ನಿಗಾ ಘಟಕದ ಹೊರಗಿನ ಬೆಂಚು

ಪುಟ್ಟೀ,

ಓದುತ್ತೀಯೋ ಹರಿದು ಹಾಕುತ್ತೀಯೋ, ಅಮ್ಮನ ಆಶೀರ್ವಾದವಂತೂ ಇರಲಿ. ನಿನಗೆ ಗೊತ್ತಿಲ್ಲವೆಂದುಕೊಂಡೇ ಹೇಳುತ್ತಿದ್ದೇನೆ: ಅಪ್ಪನಿಗೆ ಶ್ವಾಸಕೋಶದ ಸೋಂಕು. ಬಾಯಿಗೆ ನಳಿಗೆ ಹಾಕಿ ಮಲಗಿಸಿದ್ದಾರೆ. ನಾನು ಚೆನ್ನಾಗಿದ್ದೇನೆ. ನೀನು ಬರಲೇಬೇಕೆಂದೇನೂ ಇಲ್ಲ.

ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಇಲ್ಲೊಬ್ಬಳು ನೀಲಿ ಕೋಟಿನವಳು ನನ್ನ ಬೆನ್ನು ಬಿದ್ದಿದ್ದಾಳೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಯ ಮನೆಯವರಿಗೆ ಧೈರ್ಯ ಹೇಳುವುದೇ ಅವಳ ಕೆಲಸವಂತೆ. ಕಾಯಿಲೆ ಅವರಿಗೆ, ಉಪಚಾರ ನನಗೇಕೆ? ಕೆಟ್ಟ ಸುದ್ದಿಗೆ ನನ್ನನ್ನು ಹದ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ನಕ್ಕರೆ ಸಾಕು, ನಾನು ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ. ಏನಿದ್ದರೂ ನಿಮ್ಮಿಂದ ಮುಚ್ಚಿಡುವುದಿಲ್ಲ, ಇವತ್ತಿಗೆ ಹೆಚ್ಚೂ ಆಗಿಲ್ಲ ಕಡಿಮೆಯೂ ಆಗಿಲ್ಲ ಎಂದಳು. ಹಾಗೆ ಹೇಳುವವರನ್ನು ಹೇಗೆ ನಂಬುವುದು?

ಆಮೇಲೆ ಬೇರೆಯೇ ಅನುಮಾನ ಹುಟ್ಟಿತು. ಲಿಫ್ಟ್ ಕಂಡರೆ ನನಗೆ ಜೀವ ಹೋಗುತ್ತದೆಂದು ಅವಳಿಗೆ ಹೇಳಿರಲಿಲ್ಲ. ಆದರೂ ಕೈಹಿಡಿದು ಮೆಟ್ಟಿಲ ಕಡೆಗೇ ಕರೆದೊಯ್ದಳು. ಊಟ ಆಯಿತಾ ಅಂದಳು, ಆಯಿತು ಅಂದೆ. ನಿಜ ಹೇಳಿ ಅಂದಳು ಕಳ್ಳಿ! ಹಸಿದಿದ್ದರೂ ಊಟ ಆಯಿತೆಂದು ನಾನು ಸುಳ್ಳಾಡುವುದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತು. ಅದರಲ್ಲೊಬ್ಬರ ಬಾಯಲ್ಲಿ ನಳಿಗೆಯಿದೆ. ಇದನ್ನೆಲ್ಲ ಯಾರು ಹೇಳಿದರೆಂದು ಎಷ್ಟು ಕೆದಕಿದರೂ ಅವಳು ಬಾಯಿಬಿಡಲಿಲ್ಲ.

ನಿನ್ನೆ ನನ್ನನ್ನು ಒಳಗೆ ಬಿಟ್ಟಾಗ, ಅವರ ಕೈಹಿಡಿದು ಮಾತಾಡಿ, ಕೇಳಿಸಲೂಬಹುದು ಎಂದಳು. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದೇನೆ, ವಕೀಲರ ಕೋಟಿಗೆ ಗುಂಡಿ ಹಾಕುವುದೊಂದು ಬಾಕಿ ಎಂದೆಲ್ಲ ಅಂಗಡಿಯ ಸುದ್ದಿ ಹೇಳಿದೆ. ಮಗಳ ಸುದ್ದಿಯನ್ನೂ ಹೇಳಿ ಎಂದಳು. ಮಗಳಿದ್ದಾಳೆಂದು ಇವಳಿಗೆ ಹೇಳಿದವರು ಯಾರು? ಅಪ್ಪನ ಅಂಗಡಿಯ ಎದುರಿಗೇ ನೀನೂ ಹೊಲಿಗೆ ಅಂಗಡಿ ತೆರೆದಂದಿನಿಂದ ನಮ್ಮ ಮನೆಯಲ್ಲಿ ನಿನ್ನ ಮಾತೇ ಎತ್ತುವಂತಿರಲಿಲ್ಲ.

ಆದರೂ ಹೇಳಿದೆ. ನಿಮ್ಮ ಮಗಳ ಹೊಲಿಗೆ ನಿಮ್ಮದಕ್ಕಿಂತ ಅಚ್ಚುಕಟ್ಟಂತೆ ಎಂದು ಕಿವಿಯಲ್ಲೇ ಹೇಳಿದೆ. ಒಂದು ಬೆರಳೂ ಅಲ್ಲಾಡಲಿಲ್ಲ. ನಾನೇ ಗೊಳೋ ಎಂದು ಅತ್ತೆ. ನೀಲಿ ಕೋಟಿನವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಅತ್ತ ಮೇಲೆ ನನಗೆ ನಿದ್ದೆ ಬಂತು, ಆ ಪುಣ್ಯ ಅವಳಿಗೇ ಇರಲಿ. ಈಗ ಒಂದೇ ಆಸೆ. ಇವರು ಕಣ್ಣುಬಿಟ್ಟು, ಮಗಳ ಮಾತೇಕೆ ಎತ್ತಿದೆ ಎಂದು ನನ್ನನ್ನು ಚೆನ್ನಾಗಿ ಬೈಯಬೇಕು.

ಅಂದಹಾಗೆ, ಇವರನ್ನು ಇಲ್ಲಿಗೆ ಸೇರಿಸಿದ ದಿನದಿಂದ ನಿನ್ನ ಅಂಗಡಿಯೂ ಬಾಗಿಲು ಹಾಕಿದೆಯೆಂದು ವಕೀಲರು ಹೇಳಿದರು. ಯಾಕೆಂದು ನಾನು ಕೇಳುವುದಿಲ್ಲ.

ಇಂತಿ,
ಯಾರನ್ನೂ ನಂಬದ ನಿನ್ನ ಅಮ್ಮ

ತಾ.ಕ.: ಲಕೋಟೆಯ ಮೇಲೆ ಹೆಸರಾಗಲಿ ವಿಳಾಸವಾಗಲಿ ಬರೆದಿಲ್ಲ. ಏನೂ ಹೇಳದೆ ನೀಲಿ ಕೋಟಿನವಳ ಕೈಗೆ ಕೊಡುತ್ತೇನೆ. ನೀನಿದನ್ನು ಓದುತ್ತಿದ್ದೀಯೆಂದರೆ ಇಬ್ಬರೂ ಸಿಕ್ಕಿಬಿದ್ದಿರಿ. ಕೆಳಗೆ ಕದ್ದು ಕೂತಿದ್ದು ಸಾಕು, ಮೇಲೆ ಬಾ. ನಾನಿನ್ನೂ ಊಟ ಮಾಡಿಲ್ಲ.